ಮಾಂಟೆಸ್ಸರಿಗೆ ಸೇರಿಸುವುದೆಂದರೆ ಮೂರು ವರ್ಷದ ಮಾತು

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಸುತ್ತು ಹಾಕಿದರೂ ‘ಮಾಂಟೆಸ್ಸರಿ’ ಎಂದು ಬರೆದ ಬೋರ್ಡು ಒಂದಾದರೂ ಕಣ್ಣಿಗೆ ಬೀಳುತ್ತದೆ. ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಈಗ ಅಪರೂಪವಲ್ಲ. ದಸರಾ ಕಳೆದು ಮುಂದಿನ ಸಾಲಿನ ಅರ್ಜಿಗಳು ಶುರುವಾಗುತ್ತಿದ್ದಂತೆ, ಎರಡೂವರೆ ಮೂರು ವರ್ಷದ ಮಗುವಿರುವ ಮನೆಗಳಲ್ಲಿ ಊಟದ ಹೊತ್ತಿಗೆ ಅದೇ ಚರ್ಚೆ: ಎಲ್‌ಕೆಜಿ ಇರುವ ದೊಡ್ಡ ಶಾಲೆಯೋ, ಮನೆ ಹತ್ತಿರದ ಮಾಂಟೆಸ್ಸರಿಯೋ? ಬೋರ್ಡು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಮಾಂಟೆಸ್ಸರಿ ಎಂಬ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಬಾಡಿಗೆ ಮನೆಯ ಹಾಲಿನಲ್ಲಿ ಪ್ಲಾಸ್ಟಿಕ್ ಜಾರುಬಂಡೆ ಇಟ್ಟು, ಗೋಡೆಗೆ ಎ ಬಿ ಸಿ ಡಿ ಚಿತ್ರಪಟ ಅಂಟಿಸಿದವರೂ ಆ ಹೆಸರು ಬರೆಸಿಕೊಳ್ಳಬಹುದು, ಬರೆಸಿಕೊಂಡಿದ್ದಾರೆ. ಹೀಗಾಗಿ ಅರ್ಜಿ ಕೈಗೆತ್ತಿಕೊಳ್ಳುವ ಮೊದಲು ಈ ಪದ್ಧತಿ ಏನು ಎಂಬುದು ತಂದೆ ತಾಯಿಗೆ ತಿಳಿದಿರಬೇಕು.

ಮರಿಯಾ ಮಾಂಟೆಸ್ಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದವರು, ಓದಿನಿಂದ ವೈದ್ಯೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ ಕೈಕೆಲಸದ ಮೂಲಕ ಕಲಿಸಿ ಅನುಭವವಿದ್ದ ಅವರಿಗೆ, ರೋಮ್‌ನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಬಂತು. 1907ರ ಜನವರಿ 6ರಂದು ಅಲ್ಲಿ ಮೊದಲ ‘ಮಕ್ಕಳ ಮನೆ’ ಶುರುವಾಯಿತು. ಈಗ ತಿಂಗಳ ಫೀಸು ಕೇಳಿ ಬೆಚ್ಚುವ ನಾವು ಇದನ್ನು ನೆನಪಿಡಬೇಕು: ಈ ಪದ್ಧತಿ ಹುಟ್ಟಿದ್ದು ಉಳ್ಳವರ ಮಕ್ಕಳಿಗಾಗಿ ಅಲ್ಲ.

ಭಾರತಕ್ಕೂ ಇದು ಬೇಗನೆ ಬಂತು. ಗುಜರಾತಿನ ಭಾವನಗರದಲ್ಲಿ ವಕೀಲಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ತೆರೆದರು. ತಾರಾಬಾಯಿ ಮೋಡಕ್ ಅವರ ಜೊತೆಗೂಡಿದರು. 1939ರಲ್ಲಿ ಮಾಂಟೆಸ್ಸರಿಯವರೇ, ಆಗ ಅರವತ್ತೊಂಬತ್ತರ ವಯಸ್ಸು, ಮಗ ಮಾರಿಯೊ ಜೊತೆ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದ್ರಾಸಿನ ಅಡ್ಯಾರಿಗೆ ಬಂದರು. ಕೆಲವು ತಿಂಗಳ ತರಬೇತಿ ನಡೆಸಿ ಹಿಂತಿರುಗುವ ಯೋಚನೆ. ಅಷ್ಟರಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಇಟಲಿಯವರು ಎಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಮಾರಿಯೊ ಅವರನ್ನು ಬಂಧನದಲ್ಲಿಟ್ಟಿತು. 1940ರ ಆಗಸ್ಟ್ 31ರಂದು, ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಬಿಡುಗಡೆ ಮಾಡಿತು. ತಾಯಿ ಮಗ 1946ರವರೆಗೂ ಇಲ್ಲೇ ಉಳಿದರು. ಅಡ್ಯಾರಿನಲ್ಲಿ, ಕೊಡೈಕೆನಾಲಿನಲ್ಲಿ, ಅಹಮದಾಬಾದಿನಲ್ಲಿ ನೂರಾರು ಭಾರತೀಯ ಶಿಕ್ಷಕರು ಅವರಿಂದ ನೇರವಾಗಿ ಕಲಿತರು. ಅಹಮದಾಬಾದಿನ ಉಪನ್ಯಾಸಗಳಿಂದಲೇ ‘ದಿ ಅಬ್ಸಾರ್ಬೆಂಟ್ ಮೈಂಡ್’ ಪುಸ್ತಕ ಹುಟ್ಟಿ, 1949ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ದಕ್ಷಿಣ ಭಾರತದಲ್ಲಿ ತರಬೇತಿ ಪಡೆದ ಮಾಂಟೆಸ್ಸರಿ ಶಿಕ್ಷಕಿಯರು ಇಂದಿಗೂ ಸಿಗುತ್ತಾರೆಂದರೆ ಅದರ ಬೇರು ಅಲ್ಲಿದೆ.

ಇನ್ನು ತರಗತಿಯ ಒಳಗೆ ಹೋಗೋಣ. ಬೆಂಚಿಲ್ಲ, ಕರಿಹಲಗೆಯ ಎದುರು ಸಾಲಾಗಿ ಕೂರುವುದಿಲ್ಲ. ಮಗುವಿನ ಎದೆಯೆತ್ತರದ ತೆರೆದ ಕಪಾಟುಗಳು, ಸುತ್ತಿಟ್ಟ ಪುಟ್ಟ ಚಾಪೆಗಳು. ಮೂರು, ನಾಲ್ಕು, ಐದು ವರ್ಷದವರು ಒಂದೇ ಕೋಣೆಯಲ್ಲಿ. ಪ್ರತಿ ಸಾಮಗ್ರಿ ಒಂದೊಂದೇ ಇರುತ್ತದೆ. ಬೇರೆಯವರು ಬಳಸುತ್ತಿದ್ದರೆ ಕಾಯಬೇಕು. ಮಗು ತನಗೆ ಬೇಕಾದುದನ್ನು ತಂದು, ಚಾಪೆ ಹಾಸಿ, ಕೆಲಸ ಮುಗಿಸಿ, ಅದೇ ಜಾಗಕ್ಕೆ ಹಿಂತಿರುಗಿಸಬೇಕು. ಅಲ್ಲಿ ಇದಕ್ಕೆ ಆಟ ಎನ್ನುವುದಿಲ್ಲ, ಕೆಲಸ ಎನ್ನುತ್ತಾರೆ. ಶಿಕ್ಷಕಿಯನ್ನು ಹಲವೆಡೆ ಮಕ್ಕಳು ಅಕ್ಕ ಎಂದೇ ಕರೆಯುತ್ತಾರೆ.

ಹೊಸದಾಗಿ ಬಂದ ಮಗುವಿಗೆ ಅಕ್ಷರವನ್ನೂ ಅಂಕಿಯನ್ನೂ ತೋರಿಸುವುದಿಲ್ಲ. ಒಂದು ಲೋಟದಿಂದ ಇನ್ನೊಂದಕ್ಕೆ ಹೆಸರುಕಾಳು ಸುರಿಯುವುದು, ಆಮೇಲೆ ನೀರು, ಮರದ ಚೌಕಟ್ಟಿಗೆ ಕಟ್ಟಿದ ಬಟ್ಟೆಯ ಮೇಲೆ ಗುಂಡಿ, ಕೊಕ್ಕೆ, ಲಾಡಿ ಹಾಕಿ ತೆಗೆಯುವುದು, ಮೇಜು ಒರೆಸುವುದು. ‘ಇದಕ್ಕೆ ಇಷ್ಟೊಂದು ಫೀಸೇ? ಮನೆಯಲ್ಲೇ ಮಾಡಿಸಬಹುದಲ್ಲ’ ಎಂದು ಕೇಳುವ ಅಜ್ಜಿಯರಿದ್ದಾರೆ. ಅವರ ಮಾತು ಸರಿಯೇ, ಮನೆಯಲ್ಲೂ ಮಾಡಿಸಬೇಕು. ಆದರೆ ಮನೆಯಲ್ಲಿ ನೀರು ಚೆಲ್ಲಿದೊಡನೆ ನಾವು ಲೋಟ ಕಿತ್ತುಕೊಳ್ಳುತ್ತೇವೆ. ಅಲ್ಲಿ ಚೆಲ್ಲಿದ ಮಗುವಿಗೆ ಒರೆಸುವ ಬಟ್ಟೆ ಎಲ್ಲಿದೆ ಎಂದು ತೋರಿಸುತ್ತಾರೆ. ಮತ್ತೆ ಸುರಿಯಲು ಬಿಡುತ್ತಾರೆ.

ಗುಲಾಬಿ ಗೋಪುರ ಎಂಬುದೊಂದಿದೆ. ಹತ್ತು ಮರದ ಘನಗಳು. ಚಿಕ್ಕದು 1 ಸೆಂಟಿಮೀಟರ್, ದೊಡ್ಡದು 10. ಎಲ್ಲಕ್ಕೂ ಒಂದೇ ಬಣ್ಣ, ಏಕೆಂದರೆ ಮಗುವಿನ ಗಮನ ಗಾತ್ರದ ಮೇಲಷ್ಟೇ ಇರಬೇಕು. ಇನ್ನೊಂದು, ಹಿಡಿಯಿರುವ ಸಿಲಿಂಡರುಗಳ ದಿಮ್ಮಿ. ಹತ್ತು ಗುಳಿ, ಹತ್ತು ಸಿಲಿಂಡರು. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಯಲ್ಲಿ ಒಂದು ಸಿಲಿಂಡರಿಗೆ ಜಾಗವೇ ಸಿಗುವುದಿಲ್ಲ. ‘ತಪ್ಪು’ ಎಂದು ಯಾರೂ ಹೇಳಬೇಕಿಲ್ಲ, ಮಗುವಿಗೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಪದ್ಧತಿಯ ದೊಡ್ಡ ಗುಣ ಇದೇ. ತಪ್ಪು ತಿದ್ದಿಕೊಳ್ಳಲು ದೊಡ್ಡವರ ಮುಖ ನೋಡದ ಮಗು ಮುಂದೆ ಪರೀಕ್ಷೆಗೂ ಹೆದರುವುದಿಲ್ಲ.

ಅಕ್ಷರಗಳನ್ನು ಉಪ್ಪುಕಾಗದದಲ್ಲಿ ಕತ್ತರಿಸಿ ಹಲಗೆಗೆ ಅಂಟಿಸಿರುತ್ತಾರೆ. ಅಕ್ಕ ಎರಡು ಬೆರಳಿನಿಂದ ಅದನ್ನು ಸವರಿ ‘ಇದು ಮ’ ಎನ್ನುತ್ತಾರೆ, ಇನ್ನೊಂದನ್ನು ಸವರಿ ‘ಇದು ರ’. ಆಮೇಲೆ ‘ಮ ಯಾವುದು, ತೋರಿಸು.’ ‘ರ ನನ್ನ ಕೈಗೆ ಕೊಡು.’ ಮಗು ಅದರಲ್ಲಿ ನುರಿತ ಮೇಲಷ್ಟೇ, ಬೆರಳಿಟ್ಟು, ‘ಇದು ಯಾವುದು?’ ಈ ಮೂರು ಮೆಟ್ಟಿಲಿನಲ್ಲಿ ಎಲ್ಲಿ ಎಡವಿದರೂ ಅಂದಿನ ಪಾಠ ನಿಲ್ಲುತ್ತದೆ, ಬೈಗುಳವಿಲ್ಲ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರೊಂದು, ಉಚ್ಚಾರವೊಂದು. ಕನ್ನಡದಲ್ಲಿ ಆ ತೊಡಕಿಲ್ಲ. ಬರೆದಂತೆ ಓದುವ ನಮ್ಮ ಲಿಪಿಗೆ ಈ ಕ್ರಮ ಹೇಳಿ ಮಾಡಿಸಿದಂತಿದೆ. ಆದರೂ ಕೆಲವು ಶಾಲೆಗಳಲ್ಲಿ ಕನ್ನಡದ ಅಕ್ಷರದ ಪೆಟ್ಟಿಗೆ ಕಪಾಟಿನ ಕೆಳಗೆ ದೂಳು ಹಿಡಿದಿರುತ್ತದೆ. ಶಾಲೆ ನೋಡಲು ಹೋದಾಗ ಅದನ್ನು ತೋರಿಸಿ ಎಂದು ಕೇಳಿ.

ನೋಡಲು ಹೋಗುವುದೇ ಅರ್ಜಿಯ ಮೊದಲ ಹಂತ. ಕೋಣೆಗಳನ್ನು ತೋರಿಸಿ ಕಳಿಸಿದರೆ ಸಾಲದು. ಮಕ್ಕಳು ಕೆಲಸ ಮಾಡುವ ಹೊತ್ತಿನಲ್ಲಿ, ಮೂಲೆಯ ಕುರ್ಚಿಯಲ್ಲಿ ಮಾತಾಡದೆ ಅರ್ಧ ಗಂಟೆ ಕೂರಲು ಬಿಡಬೇಕು. ಕೂತಾಗ ಅಕ್ಕನ ದನಿ ಎಷ್ಟು ಏರುತ್ತದೆ ನೋಡಿ. ಸುಮ್ಮನೆ ಅಲೆಯುವ ಮಗುವಿನ ಬಳಿ ಅವರು ಹೇಗೆ ಹೋಗುತ್ತಾರೆ ನೋಡಿ. ಬೆಳಿಗ್ಗೆ ಎರಡೂವರೆ, ಮೂರು ಗಂಟೆ ಅಡ್ಡಿಯಿಲ್ಲದ ಕೆಲಸದ ಸಮಯ ಈ ಪದ್ಧತಿಯ ಜೀವಾಳ. ಅರ್ಧರ್ಧ ಗಂಟೆಗೆ ಗಂಟೆ ಬಾರಿಸಿ ರೈಮ್ಸ್, ಡಾನ್ಸ್, ಕಂಪ್ಯೂಟರ್ ಎಂದು ಎಬ್ಬಿಸುವ ಕಡೆ ಬೋರ್ಡು ಏನೇ ಹೇಳಲಿ, ಅದು ಮಾಂಟೆಸ್ಸರಿ ಅಲ್ಲ. ಹಾಗೆಯೇ ಎಲ್ಲ ಮೂರು ವರ್ಷದವರನ್ನು ಒಂದು ಕೋಣೆ, ನಾಲ್ಕು ವರ್ಷದವರನ್ನು ಇನ್ನೊಂದು ಕೋಣೆ ಎಂದು ಬೇರ್ಪಡಿಸಿದ್ದರೂ ಅಲ್ಲ.

ಶಿಕ್ಷಕಿಯ ತರಬೇತಿ ಎಲ್ಲಿಯದು ಎಂದು ಸಂಕೋಚವಿಲ್ಲದೆ ಕೇಳಿ. ಮಾಂಟೆಸ್ಸರಿಯವರು 1929ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸಂಸ್ಥೆ ಎಎಂಐ ಡಿಪ್ಲೊಮಾ ಕೊಡುತ್ತದೆ. ಬೆಂಗಳೂರಿನಲ್ಲೇ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಇದೆ. ಎರಡು ವಾರದ ಆನ್‌ಲೈನ್ ಪ್ರಮಾಣಪತ್ರಕ್ಕೂ ಪೂರ್ಣಾವಧಿ ತರಬೇತಿಗೂ ಹೋಲಿಕೆಯೇ ಇಲ್ಲ. ಒಂದು ಕೋಣೆಯಲ್ಲಿ ಇಪ್ಪತ್ತೈದು ಮೂವತ್ತು ಮಕ್ಕಳಿದ್ದರೆ ಪೋಷಕರು ಗಾಬರಿಯಾಗುತ್ತಾರೆ. ತರಬೇತಾದ ಒಬ್ಬರು, ಸಹಾಯಕರೊಬ್ಬರು ಇದ್ದರೆ ಗಾಬರಿ ಬೇಡ. ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯಬೇಕಾದರೆ ನೋಡಲು ಸಾಕಷ್ಟು ಮಕ್ಕಳೂ ಬೇಕಲ್ಲ.

ಅರ್ಜಿಗೆ ಬೇಕಾದ ಕಾಗದಗಳು ಎಲ್ಲ ಕಡೆಯಂತೆಯೇ: ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ವಿಳಾಸದ ದಾಖಲೆ, ಫೋಟೊ, ಮಗುವಿನದಿದ್ದರೆ ಆಧಾರ್. ಸಂದರ್ಶನ ಎಂದು ಕರೆದಾಗ ಹೆದರಬೇಡಿ. ಒಳ್ಳೆಯ ಶಾಲೆಯವರು ಮಾತಾಡಿಸುವುದು ಮುಖ್ಯವಾಗಿ ತಂದೆ ತಾಯಿಯನ್ನು: ಮಗು ತಾನೇ ಉಣ್ಣುತ್ತದೆಯೇ, ಮನೆಯಲ್ಲಿ ಯಾವ ಭಾಷೆ, ಮೊಬೈಲು ಎಷ್ಟು ಹೊತ್ತು. ಎರಡೂವರೆ ವರ್ಷದ ಮಗುವಿಗೆ ಬಣ್ಣ, ಎಣಿಕೆ ಒಪ್ಪಿಸಲು ಹೇಳುವ ಶಾಲೆಯಾದರೆ ಅಲ್ಲಿಂದಲೇ ಎದ್ದು ಬನ್ನಿ. ಫೀಸಿನ ವಿಷಯದಲ್ಲಿ ಪ್ರವೇಶ ಶುಲ್ಕ, ಸಾಮಗ್ರಿ ಶುಲ್ಕ, ವಾಹನದ ವೆಚ್ಚ ಬೇರೆ ಬೇರೆಯಾಗಿ ಬರೆದು ಕೊಡಲಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ಮರಳಿ ಬರುತ್ತದೆ ಎಂಬುದೂ ಅದೇ ಕಾಗದದಲ್ಲಿರಲಿ.

ವಯಸ್ಸಿನ ಲೆಕ್ಕವನ್ನು ಮಾತ್ರ ಕೂತು ಹಾಕಬೇಕು. ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮ ಬಂದಿದೆ. 2025–26ರ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ನಿಮ್ಮ ಮಗು ಒಂದನೆಯ ತರಗತಿಗೆ ಬರುವ ವರ್ಷದ ಆದೇಶವನ್ನು ತಪ್ಪದೆ ನೋಡಿ. ಎರಡೂವರೆಗೇ ಸೇರಿಸಿದ ಮಗು ಮೂರು ವರ್ಷ ಮುಗಿಸುವಾಗ ಐದೂವರೆ. ಆರು ತಿಂಗಳು ಕಡಿಮೆ ಬೀಳುತ್ತದೆ. ಮೂರು ತುಂಬಿ ಸೇರಿದ ಮಗು ಮೂರು ವರ್ಷ ಕಲಿತು ಆರಕ್ಕೆ ಸರಿಯಾಗಿ ಹೊರಬರುತ್ತದೆ. ಮಾಂಟೆಸ್ಸರಿಯವರ ಮಕ್ಕಳ ಮನೆಯೂ ಮೂರರಿಂದ ಆರರವರೆಗಿನದೇ. ಬೇಗ ಸೇರಿಸುವ ಧಾವಂತ ಬೇಡ ಎಂದು ಹೇಳಲು ಇದಕ್ಕಿಂತ ಸರಳ ಕಾರಣ ಇಲ್ಲ.

ಸೇರಿದ ಮೊದಲ ವಾರಗಳಲ್ಲಿ ಮಗು ಅಳುತ್ತದೆ. ಹಲವು ಶಾಲೆಗಳು ಮೊದಲು ಒಂದು ಗಂಟೆ, ಆಮೇಲೆ ಎರಡು ಗಂಟೆ ಎಂದು ಹೊತ್ತು ಹೆಚ್ಚಿಸುತ್ತಾ ಹೋಗುತ್ತವೆ, ರಜೆ ಹೊಂದಿಸಿಕೊಳ್ಳಿ. ಚಡ್ಡಿಗೆ ಎಲಾಸ್ಟಿಕ್ ಇರಲಿ, ಚಪ್ಪಲಿಗೆ ಲೇಸು ಬೇಡ, ಊಟದ ಡಬ್ಬಿಯ ಮುಚ್ಚಳ ಮಗುವಿನ ಕೈಗೇ ತೆರೆಯುವಂತಿರಲಿ. ಮನೆಗೆ ಬಂದ ಮಗುವಿಗೆ ‘ಇವತ್ತು ಏನು ಬರೆಸಿದರು?’ ಎಂದು ಕೇಳಬೇಡಿ. ಮೊದಲ ವರ್ಷ ಪುಸ್ತಕದಲ್ಲಿ ತೋರಿಸುವಂಥದ್ದು ಏನೂ ಇರುವುದಿಲ್ಲ. ಅಂಕಪಟ್ಟಿ ಇಲ್ಲ, ಹೋಮ್‌ವರ್ಕ್ ಇಲ್ಲ. ಪಕ್ಕದ ಮನೆಯ ಎಲ್‌ಕೆಜಿ ಮಗು ನೂರರವರೆಗೆ ಬರೆಯುತ್ತಿರುವಾಗ ಇದನ್ನು ಸಹಿಸಿಕೊಳ್ಳುವುದು ಪೋಷಕರಿಗೆ ಸುಲಭವಲ್ಲ.

ಅದಕ್ಕೇ ಎಷ್ಟೋ ಮಂದಿ ಎರಡನೆಯ ವರ್ಷ ಮುಗಿದೊಡನೆ ಬಿಡಿಸಿ ಯುಕೆಜಿಗೆ ಹಾಕುತ್ತಾರೆ. ಅಕ್ಷರದ ಆತಂಕ ಒಂದಾದರೆ, ಒಂದನೇ ತರಗತಿಗೆ ಆಮೇಲೆ ಸೀಟು ಸಿಗದಿದ್ದರೆ ಎಂಬ ಭಯ ಇನ್ನೊಂದು. ಭಯ ಸುಳ್ಳಲ್ಲ, ದೊಡ್ಡ ಶಾಲೆಗಳು ಎಲ್‌ಕೆಜಿಯಲ್ಲೇ ಸೀಟು ತುಂಬಿಸಿಕೊಳ್ಳುತ್ತವೆ. ಆದರೆ ಮೂರನೆಯ ವರ್ಷಕ್ಕೆ ಮೊದಲು ಬಿಡಿಸುವುದು, ಹೆಪ್ಪು ಹಾಕಿದ ಹಾಲನ್ನು ಮೊಸರಾಗುವ ಮುನ್ನವೇ ಕಲಕಿದಂತೆ. ಕಾಳು ಸುರಿದು, ಸಿಲಿಂಡರು ಹಿಡಿದು ಪಳಗಿದ ಅದೇ ಮೂರು ಬೆರಳು ಪೆನ್ಸಿಲು ಹಿಡಿಯುವುದು ಆಗ. ಬಿಡಿ ಮಣಿ ಒಂದು, ಹತ್ತು ಮಣಿಯ ಕಡ್ಡಿ, ನೂರರ ಚೌಕ, ಸಾವಿರದ ಘನ. ಈ ಬಂಗಾರ ಬಣ್ಣದ ಮಣಿಗಳನ್ನು ತಟ್ಟೆಯಲ್ಲಿ ಹೊತ್ತು ತಂದು ಐದು ವರ್ಷದ ಮಗು ನಾಲ್ಕಂಕಿಯ ಸಂಕಲನ ಮಾಡುತ್ತದೆ. ಸಾವಿರ ಎಷ್ಟು ಭಾರ ಎಂದು ಅದರ ಕೈಗೆ ಗೊತ್ತಿರುತ್ತದೆ. ಹೊಸದಾಗಿ ಬಂದವನಿಗೆ ಲಾಡಿ ಕಟ್ಟುವುದನ್ನು ತೋರಿಸಿಕೊಡುವ ದೊಡ್ಡ ಮಗುವಾಗುವುದೂ ಆಗಲೇ. ಎರಡು ವರ್ಷ ಇನ್ನೊಬ್ಬರನ್ನು ನೋಡಿ ಕಲಿತ ಮಗುವಿಗೆ ಮೂರನೆಯ ವರ್ಷದ ಆ ಹಿರಿತನವನ್ನು ತಪ್ಪಿಸುವುದು ಅನ್ಯಾಯ.

ಆದ್ದರಿಂದ ಸೇರಿಸುವ ದಿನವೇ ಕೇಳಿ: ನಿಮ್ಮಲ್ಲಿ ಮೂರು ವರ್ಷ ಮುಗಿಸಿದ ಮಕ್ಕಳು ಯಾವ ಯಾವ ಶಾಲೆಗೆ ಹೋಗಿದ್ದಾರೆ? ಆರರ ನಂತರದ ತರಗತಿ ನಿಮ್ಮಲ್ಲೇ ಇದೆಯೇ? ಇಲ್ಲದಿದ್ದರೆ ಮೂರನೆಯ ವರ್ಷ ಶುರುವಾಗುತ್ತಲೇ ಒಂದನೇ ತರಗತಿಗೆ ಎಲ್ಲೆಲ್ಲಿ ಸೀಟು ಖಾಲಿಯಿದೆ ಎಂದು ವಿಚಾರಿಸಲು ತೊಡಗಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತ ಎಂದಿದೆ. ಶಾಲೆಗಳ ಸೀಟಿನ ಲೆಕ್ಕಾಚಾರವೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ಫೀಸು ಕೈಗೆಟುಕದವರ ಮಾತೇನು? 2024ರಲ್ಲಿ ರಾಜ್ಯ ಸರ್ಕಾರ ಆಯ್ದ ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸರಿ ಎಂದು ಹೆಸರಿಟ್ಟು ಎಲ್‌ಕೆಜಿ, ಯುಕೆಜಿ ತೆರೆಯಿತು. ಹೆಜ್ಜೆ ಒಳ್ಳೆಯದು. ಹೆಸರಿನ ಜೊತೆಗೆ ಸಾಮಗ್ರಿಯೂ, ಕಾರ್ಯಕರ್ತೆಯರಿಗೆ ತಕ್ಕ ತರಬೇತಿಯೂ, ಅದಕ್ಕೆ ತಕ್ಕ ಸಂಬಳವೂ ಬಂದರೆ ಸಾನ್ ಲೊರೆಂಜೊದಲ್ಲಿ ಯಾರಿಗಾಗಿ ಇದು ಶುರುವಾಯಿತೋ ಅಂಥವರ ಮಕ್ಕಳಿಗೇ ತಲುಪುತ್ತದೆ. ನಿಮ್ಮ ವಾರ್ಡಿನ ಅಂಗನವಾಡಿಗೆ ಒಮ್ಮೆ ಹೋಗಿ ನೋಡಿ, ಏನಿದೆ ಏನಿಲ್ಲ ಎಂದು ಕೇಳಿ.

ಖಾಸಗಿ ಶಾಲೆಗೆ ಅರ್ಜಿ ಹಾಕುವವರಲ್ಲಿ ವಿನಂತಿ ಇಷ್ಟೇ. ಮೂರು ವರ್ಷ ಬಿಡುವ ಮನಸ್ಸಿಲ್ಲದಿದ್ದರೆ ಸೇರಿಸಲೇ ಬೇಡಿ. ಒಳ್ಳೆಯ ಎಲ್‌ಕೆಜಿಯೂ ಮಗುವಿಗೆ ಕೇಡು ಮಾಡುವುದಿಲ್ಲ. ಸೇರಿಸುವುದೇ ಆದರೆ, ಮೊದಲ ಕಂತು ಕಟ್ಟುವ ಮುನ್ನ ಒಂದು ಬೆಳಿಗ್ಗೆ ತರಗತಿಯಲ್ಲಿ ಕೂತು ನೋಡಲು ಅವಕಾಶ ಕೇಳಿ. ಕೊಡದ ಶಾಲೆಗೆ ಹಣ ಕಟ್ಟಬೇಡಿ.