ಲಾಕಪ್ ಒಳಗೆ ನೋಡೋರು ಯಾರು? ಜಿನೀವಾದಿಂದ ಮಟಮಾರಿವರೆಗೆ

ಸಿನಿಮಾದಲ್ಲಿ ಪೊಲೀಸ್ ಹೀರೋ ಲಾಕಪ್‌ಗೆ ನುಗ್ಗಿ ಲಾಠಿ ಎತ್ತಿದ ಕೂಡಲೇ ಥಿಯೇಟರ್‌ನಲ್ಲಿ ಶಿಳ್ಳೆ ಬೀಳುತ್ತೆ. ಏಟು ತಿನ್ನೋನು ವಿಲನ್ ಅಂತ ನಮಗೆ ಮೊದಲೇ ಗೊತ್ತಿರುತ್ತಲ್ಲ, ಅದಕ್ಕೆ. ಆದರೆ ನಿಜವಾದ ಲಾಕಪ್‌ನಲ್ಲಿ ಕೂತವನು ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನೋದು ಇನ್ನೂ ಕೋರ್ಟ್‌ನಲ್ಲಿ ತೀರ್ಮಾನ ಆಗಿರೋದಿಲ್ಲ. ಒಳಗೆ ಅವನಿಗೆ ಏನಾಗ್ತಿದೆ ಅಂತ ಹೊರಗಿನವರಿಗೆ ಕಾಣೋದೂ ಇಲ್ಲ. ಹಾಗಾದ್ರೆ ನೋಡೋರು ಯಾರು? ಇದಕ್ಕೆ ಜಗತ್ತಿನಲ್ಲಿ ಒಂದು ವ್ಯವಸ್ಥೆ ಇದೆ. ಅದು ಹೇಗೆ ಕೆಲಸ ಮಾಡುತ್ತೆ, ರಾಯಚೂರು ತಾಲ್ಲೂಕಿನ ನಮ್ಮ ಮಟಮಾರಿಯಂಥ ಊರಿಗೆ ಅದು ಎಷ್ಟರಮಟ್ಟಿಗೆ ತಲುಪುತ್ತೆ ಅಂತ ನೋಡೋಣ.

ಒಪ್ಪಂದ ಮತ್ತು ಹತ್ತು ಜನ

1984ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಚಿತ್ರಹಿಂಸೆ ವಿರೋಧಿ ಒಪ್ಪಂದವನ್ನು ಅಂಗೀಕರಿಸಿತು. 1987ರ ಜೂನ್ 26ರಿಂದ ಅದು ಜಾರಿಗೆ ಬಂತು. ಮಾಹಿತಿ ಬಾಯಿ ಬಿಡಿಸಲು, ತಪ್ಪೊಪ್ಪಿಗೆ ಪಡೆಯಲು, ಶಿಕ್ಷಿಸಲು ಅಥವಾ ಹೆದರಿಸಲು ಸರ್ಕಾರಿ ಅಧಿಕಾರಿಯೇ ಬೇಕಂತಲೇ ತೀವ್ರ ನೋವು ಕೊಟ್ಟರೆ, ಅಥವಾ ಅವನ ಒಪ್ಪಿಗೆಯಿಂದ ಬೇರೆಯವರು ಕೊಟ್ಟರೆ, ಅದು ಚಿತ್ರಹಿಂಸೆ. ದೇಹಕ್ಕೆ ಕೊಟ್ಟ ನೋವು ಮಾತ್ರ ಅಲ್ಲ, ಮನಸ್ಸಿಗೆ ಕೊಟ್ಟದ್ದೂ ಲೆಕ್ಕಕ್ಕೆ ಬರುತ್ತೆ. ಯುದ್ಧ, ತುರ್ತು ಪರಿಸ್ಥಿತಿ, ಮೇಲಧಿಕಾರಿಯ ಆರ್ಡರ್, ಯಾವ ನೆಪವೂ ನಡೆಯಲ್ಲ.

ಇದನ್ನು ನೋಡಿಕೊಳ್ಳೋಕೆ ಜಿನೀವಾದಲ್ಲಿ 10 ಜನ ಸ್ವತಂತ್ರ ತಜ್ಞರ ಸಮಿತಿ ಇದೆ. ಒಪ್ಪಂದಕ್ಕೆ ಸೇರಿದ ದೇಶ ನಾಲ್ಕು ವರ್ಷಕ್ಕೊಮ್ಮೆ ರಿಪೋರ್ಟ್ ಕೊಡಬೇಕು. ಸಮಿತಿ ಅದನ್ನು ಓದಿ, ಆ ದೇಶದ ಪ್ರತಿನಿಧಿಗಳನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳುತ್ತೆ. ಕೊನೆಗೆ ಏನು ಸರಿಯಿಲ್ಲ, ಏನು ಮಾಡಬೇಕು ಅಂತ ಬರೆದು ಪ್ರಕಟಿಸುತ್ತೆ. ಒಂಥರಾ ವೈವಾ ಇದ್ದ ಹಾಗೆ. ನಮ್ಮ ಅಸೈನ್‌ಮೆಂಟ್‌ಗೆ ನಾವೇ ಮಾರ್ಕ್ಸ್ ಹಾಕಿಕೊಂಡರೆ ಹೇಗಿರುತ್ತೋ, ಸರ್ಕಾರ ತನ್ನ ಬಗ್ಗೆ ತಾನೇ ಬರೆದ ರಿಪೋರ್ಟ್ ಕೂಡ ಹಾಗೇ ಇರಬಹುದು. ಅದಕ್ಕೇ ಮಾನವ ಹಕ್ಕು ಸಂಘಟನೆಗಳು ಬೇರೆ ರಿಪೋರ್ಟ್ ಕಳಿಸುತ್ತವೆ, ಸಮಿತಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತೆ.

ಹೇಳದೇ ಕೇಳದೇ ಬರುವ ತಂಡ

ಆದರೆ ಜಿನೀವಾದಲ್ಲಿ ಕೂತು ಪೇಪರ್ ಓದಿದರೆ ಲಾಕಪ್ ಕಾಣುತ್ತಾ? ಸ್ವಿಟ್ಜರ್ಲೆಂಡಿನ ಜಾನ್-ಜಾಕ್ ಗೋತಿಯೆ ಅನ್ನೋ ಬ್ಯಾಂಕರ್ ಕೇಳಿದ ಪ್ರಶ್ನೆ ಇದೇ. ಯುದ್ಧ ಕೈದಿಗಳನ್ನು ನೋಡೋಕೆ ರೆಡ್ ಕ್ರಾಸ್ ಹೋಗೋ ಹಾಗೆ, ಎಲ್ಲ ಬಂಧೀಖಾನೆಗಳಿಗೂ ಹೊರಗಿನವರು ಹೋಗಿ ನೋಡಬೇಕು ಅಂದರು. 1977ರಲ್ಲಿ ಅದಕ್ಕಾಗಿ ಒಂದು ಸಂಸ್ಥೆಯನ್ನೂ ಕಟ್ಟಿದರು. ಯುರೋಪಿನಲ್ಲಿ 1989ರಲ್ಲಿ ಇದು ಜಾರಿಯಾಯ್ತು. ವಿಶ್ವಸಂಸ್ಥೆ 2002ರಲ್ಲಿ ಐಚ್ಛಿಕ ಪ್ರೋಟೋಕಾಲ್ ಅಂಗೀಕರಿಸಿತು, ಅದು ಜಾರಿಗೆ ಬಂದದ್ದು 2006ರ ಜೂನ್ 22ರಂದು.

ಈ ಪ್ರೋಟೋಕಾಲ್ ಪ್ರಕಾರ 25 ಜನರ ಉಪಸಮಿತಿ ಸದಸ್ಯ ದೇಶದ ಯಾವ ಜೈಲಿಗೂ, ಯಾವ ಪೊಲೀಸ್ ಠಾಣೆಗೂ ಹೋಗಬಹುದು. ರಿಜಿಸ್ಟರ್ ನೋಡ್ತಾರೆ, ಸೆಲ್‌ನಲ್ಲಿ ಗಾಳಿ ಬೆಳಕು ಎಷ್ಟಿದೆ ನೋಡ್ತಾರೆ. ಪೊಲೀಸರನ್ನು ಹೊರಗಿಟ್ಟು ಕೈದಿಗಳ ಜೊತೆ ಖಾಸಗಿಯಾಗಿ ಮಾತಾಡ್ತಾರೆ. ಗಾಯ ಇದ್ದರೆ ಅದನ್ನು ಹೇಗೆ ದಾಖಲಿಸಬೇಕು ಅನ್ನೋದಕ್ಕೆ ಇಸ್ತಾಂಬುಲ್ ಪ್ರೋಟೋಕಾಲ್ ಅಂತ 1999ರ ಕೈಪಿಡಿ ಇದೆ. ಜೊತೆಗೆ ಪ್ರತಿ ದೇಶವೂ ತನ್ನದೇ ಒಂದು ಸ್ವತಂತ್ರ ಭೇಟಿ ತಂಡ ಕಟ್ಟಬೇಕು, ಯಾಕಂದ್ರೆ 25 ಜನ ಇಡೀ ಜಗತ್ತು ಸುತ್ತೋಕಾಗಲ್ಲ.

ಮೊದಲೇ ಹೇಳಿ ಬಂದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್‌ಸ್ಪೆಕ್ಷನ್ ತಂಡ ಬರುತ್ತೆ ಅಂದ್ರೆ ಯಾವ ಕಾಲೇಜಾದರೂ ಆ ವಾರ ಗೋಡೆಗೆ ಬಣ್ಣ, ಟಾಯ್ಲೆಟ್‌ಗೆ ಫಿನಾಯಿಲ್. ಹೇಳದೇ ಬರಬಹುದು ಅಂದಾಗ ಮಾತ್ರ ದಿನಾ ಸ್ವಚ್ಛ ಇಡಬೇಕಾಗುತ್ತೆ. ಮಷೀನ್ ಕೆಟ್ಟ ಮೇಲೆ ರಿಪೇರಿ ಮಾಡೋದು ಬೇರೆ, ಕೆಡದ ಹಾಗೆ ನೋಡಿಕೊಳ್ಳೋದು ಬೇರೆ. ಈ ಭೇಟಿಗಳು ಎರಡನೆಯ ಜಾತಿಯವು.

ಭಾರತ ಎಲ್ಲಿದೆ?

ಭಾರತ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು, ಆದರೆ ಅನುಮೋದಿಸಿಲ್ಲ. ಸೀಟು ಸಿಕ್ಕಿದೆ, ಫೀಸು ಕಟ್ಟಿ ಅಡ್ಮಿಷನ್ ಆಗಿಲ್ಲ ಅಂದ್ಕೊಳ್ಳಿ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ ಎಲ್ಲವೂ ಸೇರಿವೆ. 2010ರಲ್ಲಿ ಚಿತ್ರಹಿಂಸೆ ತಡೆ ಮಸೂದೆ ಲೋಕಸಭೆಯಲ್ಲಿ ಪಾಸಾಯ್ತು. ರಾಜ್ಯಸಭೆಯಲ್ಲಿ ಸೆಲೆಕ್ಟ್ ಕಮಿಟಿಗೆ ಹೋಗಿ ಅಲ್ಲಿಂದ ಮುಂದೆ ಹೋಗಲೇ ಇಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಅನುಮೋದನೆ ಕೊಡಿ ಅಂತ ಮತ್ತೆ ಹೇಳಿತು. ಇದರಿಂದ ದೇಶಕ್ಕೂ ನಷ್ಟ ಇದೆ. ಪುರುಲಿಯಾ ಶಸ್ತ್ರಾಸ್ತ್ರ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಒಪ್ಪಿಸೋಕೆ 2011ರಲ್ಲಿ ಡೆನ್ಮಾರ್ಕ್ ಕೋರ್ಟ್ ನಿರಾಕರಿಸಿತು. ಭಾರತದಲ್ಲಿ ಚಿತ್ರಹಿಂಸೆ ಆಗುವ ಅಪಾಯ ಇದೆ ಅನ್ನೋದೇ ಕಾರಣ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಭಾರತ 1979ರಲ್ಲೇ ಸೇರಿದೆ, ಅದರಲ್ಲೂ ಚಿತ್ರಹಿಂಸೆಗೆ ನಿಷೇಧ ಇದೆ. ಅದರ ಸಮಿತಿ ಭಾರತವನ್ನು 1997ರ ನಂತರ ಮತ್ತೆ ಪ್ರಶ್ನೆ ಕೇಳಿದ್ದು 2024ರ ಜುಲೈನಲ್ಲಿ. 27 ವರ್ಷದ ಗ್ಯಾಪ್! ಇನ್ನು ಮಾನವ ಹಕ್ಕು ಮಂಡಳಿಯಲ್ಲಿ ದೇಶಗಳೇ ಪರಸ್ಪರ ಪ್ರಶ್ನಿಸುವ ಪರಿಶೀಲನೆ ನಡೆಯುತ್ತೆ. ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಒಪ್ಪಂದ ಅನುಮೋದಿಸಿ ಅಂತ ಹಲವು ದೇಶಗಳು ಅಲ್ಲಿ ಮತ್ತೆ ಮತ್ತೆ ಕೇಳಿವೆ.

ತಡೆಯದಿದ್ದರೆ ಏನಾಗುತ್ತೆ: ಮಾದೇಶ್ವರ ಬೆಟ್ಟ

ಆಮೇಲೆ ವಿಚಾರಣೆ ಮಾಡಿದರಾಯ್ತು, ತಪ್ಪಿತಸ್ಥರಿಗೆ ಶಿಕ್ಷೆ ಕೊಟ್ಟರಾಯ್ತು ಅನ್ನಬಹುದು. ನಮ್ಮ ರಾಜ್ಯದಲ್ಲೇ ಇದಕ್ಕೆ ಉತ್ತರ ಇದೆ. 1993ರ ಏಪ್ರಿಲ್ 9ರಂದು ವೀರಪ್ಪನ್ ಗ್ಯಾಂಗ್ ಪಾಲಾರ್ ಬಳಿ ನೆಲಬಾಂಬ್ ಸ್ಫೋಟಿಸಿ 22 ಜನರನ್ನು ಕೊಂದಿತು. ಅವನನ್ನು ಹಿಡಿಯೋಕೆ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಪಡೆಗಳು ಕಾಡಿಗಿಳಿದವು. ಪೊಲೀಸರ ಜೀವಕ್ಕೂ ಅಪಾಯ ಇತ್ತು, ಅದು ನಿಜ. ಆದರೆ ಕಾಡಂಚಿನ ಹಳ್ಳಿಗಳ ಬಡವರನ್ನು ಹಿಡಿದು ತಂದು ಹೊಡೆದರು, ಕರೆಂಟ್ ಶಾಕ್ ಕೊಟ್ಟರು ಅಂತ ದೂರು ಬಂತು. ಮಲೆ ಮಹದೇಶ್ವರ ಬೆಟ್ಟದ ಕ್ಯಾಂಪಿನಲ್ಲಿ ಹೀಗೆ ಹಿಂಸೆ ಕೊಡುತ್ತಿದ್ದ ಜಾಗಕ್ಕೆ 'ವರ್ಕ್‌ಶಾಪ್' ಅಂತ ಹೆಸರಿತ್ತು ಅಂತ ಸಾಕ್ಷಿಗಳು ಹೇಳಿದರು. ಹಲವರು ಟಾಡಾ ಕಾಯ್ದೆಯಡಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು. 2001ರಲ್ಲಿ ಕೋರ್ಟ್ ಅವರಲ್ಲಿ ಬಹುಪಾಲು ಜನರನ್ನು ನಿರ್ದೋಷಿಗಳು ಅಂತ ಬಿಟ್ಟಿತು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ವರದಿ ಬಂದದ್ದು 2003ರಲ್ಲಿ. 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳಿದ್ದು 2007ರಲ್ಲಿ. 1993ರಿಂದ ಲೆಕ್ಕ ಹಾಕಿ, 14 ವರ್ಷ! ಆಗ ಹುಟ್ಟಿದ ಮಗು ಹೈಸ್ಕೂಲಿಗೆ ಬಂದಿರುತ್ತೆ. ಆ ಕ್ಯಾಂಪಿಗೆ 1993ರಲ್ಲೇ ಹೇಳದೇ ಕೇಳದೇ ಒಳಗೆ ಹೋಗುವ ಹಕ್ಕಿದ್ದ ಒಂದು ತಂಡ ಇದ್ದಿದ್ದರೆ? ಪರಿಹಾರದ ದುಡ್ಡು ಮುರಿದ ಮೈಯನ್ನು ಸರಿ ಮಾಡಲ್ಲ.

ನಮ್ಮ ಕೈಯಲ್ಲಿ ಏನಿದೆ?

ಪೊಲೀಸ್ ಸ್ಟೇಷನ್ ಅಂದ್ರ ದೂರದಿಂದ್ಲೇ ಕೈ ಮುಗೀಬೇಕು ಅಂತ ನಮ್ಮ ಕಡೆ ಹಿರಿಯರು ಅಂತಿರ್ತಾರ. ಹೆದರಿಕೆ ಬದಲು ನಿಯಮ ಗೊತ್ತಿದ್ದರೆ ಒಳ್ಳೇದು. 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧಿಸಿದಾಗ ಸಾಕ್ಷಿ ಸಹಿ ಇರುವ ಮೆಮೊ ಮಾಡಬೇಕು, ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು, ಕಸ್ಟಡಿಯಲ್ಲಿದ್ದಾಗ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಸಂವಿಧಾನದ 22ನೇ ವಿಧಿ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಕಸ್ಟಡಿಯಲ್ಲಿ ಸಾವಾದರೆ 24 ಗಂಟೆಯೊಳಗೆ ರಾಷ್ಟ್ರೀಯ ಆಯೋಗಕ್ಕೆ ತಿಳಿಸಬೇಕು. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಲಾಕಪ್ ಸಮೇತ ಸಿಸಿಟಿವಿ ಇರಬೇಕು, ಅದರಲ್ಲಿ ನೈಟ್ ವಿಷನ್ ಮತ್ತು ಆಡಿಯೋ ಇರಬೇಕು, ರೆಕಾರ್ಡಿಂಗ್ 18 ತಿಂಗಳು, ಏನೇ ಆದರೂ ಒಂದು ವರ್ಷವಾದರೂ ಉಳಿಯಬೇಕು ಅಂತ ಆದೇಶಿಸಿತು. ಕ್ಯಾಮೆರಾ, ಸ್ಟೋರೇಜ್, ಬ್ಯಾಕಪ್ ಇವೆಲ್ಲ ನಮ್ಮ ಸಬ್ಜೆಕ್ಟೇ. ನಾಳೆ ಇಂಥ ಸಿಸ್ಟಮ್ ಹಾಕೋರೂ ಮೆಂಟೇನ್ ಮಾಡೋರೂ ನಮ್ಮ ಬ್ಯಾಚಿನವರೇ ಇರಬಹುದು.

ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು. ಮಟಮಾರಿಯಲ್ಲಾಗಲಿ, ದೇವದುರ್ಗ, ಮಾನ್ವಿಯಲ್ಲಾಗಲಿ ಇದೇ ನಂಬರ್. ಮೊಬೈಲ್‌ನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಮನೆಯಲ್ಲೂ ಹೇಳಿ.