ಕಾರ್ಣಿಕದ ನುಡಿ ಮತ್ತು ಸುದ್ದಿಯ ಹೊಣೆ: ಪತ್ರಿಕೋದ್ಯಮ ತರಬೇತಿಗೆ ಒಂದು ಒರೆಗಲ್ಲು

ಸುದ್ದಿಗಾರನು ತಾನು ಕಂಡದ್ದು, ಬೇರೆಯವರಿಂದ ಕೇಳಿದ್ದು ಮತ್ತು ತಾನಾಗಿ ಊಹಿಸಿದ್ದು ಎಂಬ ಮೂರನ್ನು ಬೇರ್ಪಡಿಸಿ ನೋಡುವುದನ್ನೂ, ಓದುಗನಿಗೂ ಅವು ಬೇರೆ ಬೇರೆಯಾಗಿಯೇ ಕಾಣುವಂತೆ ಬರೆಯುವುದನ್ನೂ ಕಲಿಸುವುದು ಪತ್ರಿಕೋದ್ಯಮ ತರಬೇತಿಯ ಮೊದಲ ಪಾಠ. ಈ ಪಾಠದ ಬೆಲೆಯನ್ನು ಅರಿಯಲು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ.

ಮಾಲತೇಶ ಎಂದು ಪೂಜೆಗೊಳ್ಳುವ ಮೈಲಾರಲಿಂಗನ ಕ್ಷೇತ್ರವಾದ ದೇವರಗುಡ್ಡದಲ್ಲಿ ಮಹಾನವಮಿಯ ಸಂದರ್ಭದಲ್ಲಿ ಕಾರ್ಣಿಕ, ಎಂದರೆ ಭವಿಷ್ಯ ನುಡಿಯುವ ಆಚರಣೆ, ನಡೆಯುತ್ತದೆ. ಉಪವಾಸ ವ್ರತದಲ್ಲಿರುವ, ಮೈಲಾರಲಿಂಗನ ಸೇವಕನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಜನಸ್ತೋಮಕ್ಕೆ ‘ಸದ್ದಲೇ’ ಎಂದು ಕೂಗಿ ಮೌನವನ್ನು ತಂದು, ಒಂದೇ ಸಾಲಿನ ದೈವವಾಣಿಯನ್ನು ನುಡಿದು ಕೆಳಗೆ ಧುಮುಕುತ್ತಾನೆ. ನುಡಿ ಮುಗಿದ ಕ್ಷಣದಿಂದ ಅರ್ಥದ ಕೆಲಸ ಆರಂಭವಾಗುತ್ತದೆ: ರೈತನು ಅದರಲ್ಲಿ ಮಳೆ ಬೆಳೆಯನ್ನೂ, ವ್ಯಾಪಾರಿಯು ಧಾರಣೆಯನ್ನೂ, ರಾಜಕಾರಣದವರು ಅಧಿಕಾರದ ಏರಿಳಿತವನ್ನೂ ಕಾಣುತ್ತಾರೆ. ಇಲ್ಲಿ ವರದಿಗಾರನ ಮುಂದಿರುವುದು ನುಡಿಯ ನಿಖರ ಪಾಠ, ಅದನ್ನು ಭಕ್ತರು ಅರ್ಥೈಸುವ ಬಗೆ ಮತ್ತು ಅದಕ್ಕೆ ರಾಜಕೀಯ ಬಣ್ಣ ಹಚ್ಚುವವರ ಮಾತು ಎಂಬ ಮೂರು ಪದರಗಳು. ಒಬ್ಬರ ವ್ಯಾಖ್ಯಾನವನ್ನೇ ಕಾರ್ಣಿಕವೆಂದು ತಲೆಬರಹದಲ್ಲಿ ಕೊಟ್ಟರೆ ಗೊರವಯ್ಯನ ನುಡಿಗೂ ಅದನ್ನು ನಂಬಿದ ಜನರಿಗೂ ಅನ್ಯಾಯವಾಗುತ್ತದೆ. ನಂಬಿಕೆಯನ್ನು ಗೌರವಿಸುತ್ತಲೇ ಯಾವ ಮಾತು ಯಾರದೆಂದು ಹೆಸರಿಸಿ ಹೇಳುವ ಈ ಶಿಸ್ತು ತಾನಾಗಿ ಬರುವಂಥದ್ದಲ್ಲ, ಅದನ್ನು ಕಲಿಸಬೇಕಾಗುತ್ತದೆ.

ಇಂಥ ಶಿಸ್ತನ್ನು ದೇಶದ ಮಟ್ಟದಲ್ಲಿ ಕಲಿಸುವ ಉದ್ದೇಶದಿಂದ 1965ರ ಆಗಸ್ಟ್ 17ರಂದು ದೆಹಲಿಯಲ್ಲಿ, ಅಂದು ವಾರ್ತಾ ಮತ್ತು ಪ್ರಸಾರ ಸಚಿವೆಯಾಗಿದ್ದ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಸಂಸ್ಥೆಯೇ ಐಐಎಂಸಿ ಎಂದು ಪರಿಚಿತವಾದ ಭಾರತೀಯ ಸಮೂಹ ಸಂವಹನ ಸಂಸ್ಥೆ. ಸಮೂಹ ಸಂವಹನವೆಂದರೆ ಪತ್ರಿಕೆ, ಆಕಾಶವಾಣಿ, ದೂರದರ್ಶನ, ಜಾಹೀರಾತು ಮೊದಲಾದ ಸಾಧನಗಳ ಮೂಲಕ ಏಕಕಾಲಕ್ಕೆ ಅನೇಕರನ್ನು ತಲುಪುವ ಕ್ರಿಯೆ. ಯುನೆಸ್ಕೊದ ನೆರವಿನೊಡನೆ ಆರಂಭವಾದ ಈ ಸಂಸ್ಥೆಯು ಸರ್ಕಾರದ ವಾರ್ತಾ ಸೇವೆಯ ಅಧಿಕಾರಿಗಳಿಗೆ ತರಬೇತಿ ಕೊಡುವುದರ ಜೊತೆಗೆ ಪತ್ರಕರ್ತರಾಗಬಯಸುವ ಪದವೀಧರರಿಗೂ ಶಿಕ್ಷಣ ನೀಡುತ್ತಾ ಬಂದಿದೆ. ಒಡಿಶಾದ ಢೆಂಕನಾಲ್, ಮಹಾರಾಷ್ಟ್ರದ ಅಮರಾವತಿ, ಕೇರಳದ ಕೊಟ್ಟಾಯಂ ಮುಂತಾದೆಡೆ ಅದರ ಪ್ರಾದೇಶಿಕ ಕೇಂದ್ರಗಳಿದ್ದು, ಅಲ್ಲಿ ಒಡಿಯಾ, ಮರಾಠಿ ಮತ್ತು ಮಲಯಾಳಂ ಪತ್ರಿಕೋದ್ಯಮದ ಕಲಿಕೆಯೂ ಬೆಳೆದಿದೆ. 2024ರಲ್ಲಿ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ, ಎಂದರೆ ಸ್ವತಃ ಪದವಿ ನೀಡುವ ಅಧಿಕಾರ ದೊರೆಯಿತು.

ಕನ್ನಡ ನಾಡಿಗೆ ಪತ್ರಿಕೆಯೂ ಪತ್ರಿಕಾ ಶಿಕ್ಷಣವೂ ಹೊಸತಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಜುಲೈ 1ನ್ನೇ ಇಂದು ಪತ್ರಿಕಾ ದಿನವಾಗಿ ಆಚರಿಸಲಾಗುತ್ತಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿಯೇ ಪತ್ರಿಕೋದ್ಯಮ ವಿಭಾಗ ಆರಂಭವಾಗಿ, ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ಬೆಳೆಯಿತು. ಮುಂದೆ ಬೆಂಗಳೂರು, ಧಾರವಾಡ ಮೊದಲಾದ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳು ತೆರೆದವು; ಕರ್ನಾಟಕ ಮಾಧ್ಯಮ ಅಕಾಡೆಮಿಯೂ ರೂಪುಗೊಂಡಿತು. ಇಷ್ಟೆಲ್ಲ ಇದ್ದರೂ ರಾಷ್ಟ್ರೀಯ ಸಂಸ್ಥೆಯ ಸಂಪನ್ಮೂಲವು ತಾಲ್ಲೂಕು ಕೇಂದ್ರದಲ್ಲಿ ದುಡಿಯುವ ಅರೆಕಾಲಿಕ ವರದಿಗಾರನನ್ನು, ಅಂದರೆ ನಿಶ್ಚಿತ ಸಂಬಳವಿಲ್ಲದೆ ಸುದ್ದಿ ಕಳಿಸುವವನನ್ನು, ಅವನ ಭಾಷೆಯಲ್ಲಿಯೇ ತಲುಪಿದಾಗ ಮಾತ್ರ ಸಾರ್ಥಕವಾಗುತ್ತದೆ. ಏಕೆಂದರೆ ಹಳ್ಳಿಯ ಸುದ್ದಿ ಮೊದಲು ರೂಪುಗೊಳ್ಳುವುದು ಅವನ ಕೈಯಲ್ಲಿ.

ಆ ಕೈಗೆ ಎಂಥ ಪರಿಣತಿ ಬೇಕೆಂಬುದನ್ನು ರಾಣೆಬೆನ್ನೂರಿನ ನೆರೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ತೋರಿಸಿಕೊಡುತ್ತದೆ. ಕಡ್ಡಿ, ಡಬ್ಬಿ ಎಂಬ ತಳಿಗಳಿಗೆ ಹೆಸರಾಗಿ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ದರವನ್ನು ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂದು ಮೂರು ಬಗೆಯಲ್ಲಿ ದಾಖಲಿಸಲಾಗುತ್ತದೆ. ಇವುಗಳಲ್ಲಿ ಮಾದರಿ ದರವೆಂದರೆ ಹೆಚ್ಚಿನ ಮಾಲು ಮಾರಾಟವಾದ ದರ. ಗರಿಷ್ಠ ದರವೊಂದನ್ನೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಸುದ್ದಿ ಸುಳ್ಳಲ್ಲವಾದರೂ, ಅದನ್ನು ನಂಬಿ ದೂರದಿಂದ ಚೀಲ ಹೊತ್ತು ಬರುವ ರೈತನನ್ನು ದಾರಿ ತಪ್ಪಿಸಬಲ್ಲದು. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಆಕ್ರೋಶಗೊಂಡ ಬೆಳೆಗಾರರು ಎಪಿಎಂಸಿ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿಯಿಟ್ಟ ಘಟನೆಯನ್ನು ದೇಶವೇ ನೋಡಿತು. ಬೆಂಕಿಯ ಚಿತ್ರವನ್ನು ಯಾರಾದರೂ ತೆಗೆಯಬಲ್ಲರು. ಆದರೆ ಆವಕ ಎಷ್ಟಿತ್ತು, ಕಾಯಿಯ ತೇವಾಂಶ ಮತ್ತು ಗುಣಮಟ್ಟ ಹೇಗಿತ್ತು, ಶೀತಲಗೃಹಗಳಲ್ಲಿ ಹಳೆಯ ದಾಸ್ತಾನು ಎಷ್ಟಿತ್ತು, ಟೆಂಡರು ಹೇಗೆ ನಡೆಯಿತು ಎಂದು ವಿಚಾರಿಸಿ ಬರೆಯುವುದಕ್ಕೆ ತರಬೇತಿ ಬೇಕು.

ಆದುದರಿಂದ ರಾಷ್ಟ್ರೀಯ ಸಂಸ್ಥೆಯೊಂದರ ನಿಜವಾದ ಪಾತ್ರವು ಮಹಾನಗರದ ಸುದ್ದಿಮನೆಗಳಿಗೆ ನುರಿತ ಕೈಗಳನ್ನು ಒದಗಿಸುವಲ್ಲಿಗೆ ಮುಗಿಯಬಾರದು. ಮಲಯಾಳಂ, ಮರಾಠಿಗಳಿಗೆ ದೊರೆತಂಥ ಅವಕಾಶ ಕನ್ನಡಕ್ಕೂ ದೊರೆಯಬೇಕು. ರಾಣೆಬೆನ್ನೂರು, ಬ್ಯಾಡಗಿಗಳಂಥ ಊರುಗಳಲ್ಲಿಯೇ ಅಲ್ಪಾವಧಿಯ ಶಿಬಿರಗಳು ನಡೆಯಬೇಕು. ಮಾರುಕಟ್ಟೆಯ ಅಂಕಿಗಳನ್ನು ಓದುವುದು, ಮಾಹಿತಿ ಹಕ್ಕನ್ನು ಬಳಸುವುದು, ಮೊಬೈಲಿನಲ್ಲಿ ಹರಿದಾಡುವ ವಿಡಿಯೊದ ಮೂಲವನ್ನು ಪರಿಶೀಲಿಸುವುದು ಅಲ್ಲಿನ ಪಾಠಗಳಾಗಬೇಕು. ದೇವರಗುಡ್ಡದಲ್ಲಿ ಗೊರವಯ್ಯನ ಒಂದು ಮಾತನ್ನು ಕೇಳಲು ಸಾವಿರಾರು ಜನರು ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಬರೆಯುವ ಮೊದಲು ಅಷ್ಟೇ ಶ್ರದ್ಧೆಯಿಂದ ಕೇಳಿಸಿಕೊಳ್ಳುವ ವರದಿಗಾರನನ್ನು ರೂಪಿಸಿದರೆ ತರಬೇತಿ ತನ್ನ ಕೆಲಸವನ್ನು ಮಾಡಿದಂತೆ.