ಎರಡು ಮುದ್ದೆ ರಾಗಿಯಷ್ಟು ನೆನಪು

ಕೊಣನೂರಿನ ಜಗಲಿಯ ಮೇಲೆ ಲೆಕ್ಕದಲ್ಲಿ ಪಳಗಿದ ಶಾನುಭೋಗರೊಬ್ಬರು ಕೂತಿದ್ದಾರೆ ಎಂದುಕೊಳ್ಳಿ. ಎಂಟಂಕಿಯ ಎರಡು ಸಂಖ್ಯೆ ಕೊಟ್ಟರೆ ಹತ್ತೇ ಸೆಕೆಂಡಿಗೆ ಕೂಡಿಬಿಡುತ್ತಾರೆ. ದಿನಕ್ಕೆ ಎಂಟು ಗಂಟೆ ತಲೆ ಎತ್ತದೆ ಕೂಡಿದರೂ 1,93,300 ಲೆಕ್ಕ ಮುಗಿಸಲು ಅವರಿಗೆ 67 ದಿನ ಬೇಕು. 1959ರ ಅಕ್ಟೋಬರಿನಲ್ಲಿ ಐಬಿಎಂ ಪ್ರಕಟಿಸಿದ 1401 ಎಂಬ ಟ್ರಾನ್ಸಿಸ್ಟರ್ ಕಂಪ್ಯೂಟರಿಗೆ ಬೇಕಾದದ್ದು ಒಂದು ನಿಮಿಷ! ಅದರ ಎಂಟು ಗಂಟೆಯ ದುಡಿಮೆ ಶಾನುಭೋಗರ 88 ವರ್ಷ; ಅದೂ ಯುಗಾದಿ, ದೀಪಾವಳಿಗೂ ರಜೆ ಇಲ್ಲದೆ.

ಇದು ದೈತ್ಯಯಂತ್ರವೇನಲ್ಲ, ಮಧ್ಯಮ ವರ್ಗದ್ದು. ಆದರೂ ನಿಮಿಷಕ್ಕೆ 800 ರಂಧ್ರಪತ್ರ, ಅಂದರೆ ಪಂಚ್ ಕಾರ್ಡು, ನುಂಗುತ್ತಿತ್ತು. ಎರಡು ಗಂಟೆ ನುಂಗಿದ ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಿದರೆ 17 ಮೀಟರ್, ಒಂದು ಎತ್ತರದ ತೆಂಗಿನಮರ! ಬಾಡಿಗೆ ತಿಂಗಳಿಗೆ 2,500 ಡಾಲರಿನಿಂದ ಶುರು. ಅಂದಿನ ರೂಪಾಯಿ ದರದಲ್ಲಿ ಆ ಹಣಕ್ಕೆ ಒಂದು ಕಿಲೋಗಿಂತ ಹೆಚ್ಚು ಚಿನ್ನ ಬರುತ್ತಿತ್ತು. ಅಂಥದ್ದನ್ನು ನಮ್ಮ ರೈಲ್ವೆಯೂ 1960ರ ದಶಕದಲ್ಲಿ ತನ್ನ ವಲಯ ಕಚೇರಿಗಳಿಗೆ ತರಿಸಿಕೊಂಡಿತು. ಅದರ ಒಳಗಿದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರುಗಳು; ಜಾಲಹಳ್ಳಿಯ ಬಿಇಎಲ್ ಜರ್ಮೇನಿಯಂ ಬಿಡಿಭಾಗಗಳನ್ನು ತಯಾರಿಸತೊಡಗಿದ್ದು 1962ರಲ್ಲಿ.

ನನ್ನನ್ನು ಬೆರಗುಗೊಳಿಸುವುದು ಮಾತ್ರ ಅದರ ನೆನಪಿನ ಶಕ್ತಿ. ರಾಗಿಕಾಳಿನಷ್ಟೇ ದೊಡ್ಡ ಕಪ್ಪು ಉಂಗುರಗಳು. ಒಂದೊಂದರ ಕಣ್ಣಿನೊಳಗೂ ಕೂದಲೆಳೆಯಂಥ ನಾಲ್ಕು ತಂತಿ. ಒಂದು ಉಂಗುರ ನೆನಪಿಡುವುದು ಒಂದೇ ಒಂದು ‘ಹೌದು’ ಅಥವಾ ‘ಅಲ್ಲ’. ಒಂದು ಅಕ್ಷರಕ್ಕೆ ಎಂಟು ಉಂಗುರ. ಯಂತ್ರದ ಗರಿಷ್ಠ ಸಾಮರ್ಥ್ಯ 16,000 ಅಕ್ಷರ, ಅಂದರೆ 1,28,000 ಉಂಗುರ. ಅಷ್ಟು ರಾಗಿಕಾಳು ತೂಗಿದರೆ ಮುನ್ನೂರು ಗ್ರಾಂ ಚಿಲ್ಲರೆ. ಎರಡು ದೊಡ್ಡ ಮುದ್ದೆಗೆ ಸರಿಹೋಯಿತು! ಆ ಎರಡು ಮುದ್ದೆಯಷ್ಟು ನೆನಪಿನಲ್ಲೇ ಸಾವಿರಾರು ನೌಕರರ ಸಂಬಳದ ಲೆಕ್ಕ ಒಬ್ಬೊಬ್ಬರದಾಗಿ ಹಾದುಹೋಗುತ್ತಿತ್ತು.

ಈಗ ನಿಮ್ಮ ಜೇಬಿನ 64 ಜಿಬಿ ಫೋನ್ ತೆಗೆಯಿರಿ. ಅದರಲ್ಲಿ ಹಿಡಿಸುವಷ್ಟನ್ನು ನೆನಪಿಡಲು 40 ಲಕ್ಷ 1401ಗಳು ಬೇಕು. ಜಗತ್ತಿನಲ್ಲಿ ತಯಾರಾದದ್ದೇ ಸುಮಾರು 12,000. ರಾಗಿಯ ಲೆಕ್ಕದಲ್ಲಿ? 1,280 ಟನ್. ಹತ್ತು ಟನ್ನಿನ ಲಾರಿಗೆ ತುಂಬಿದರೆ 128 ಲಾರಿ. ಕೊಣನೂರಿನ ಬಸ್ ನಿಲ್ದಾಣದಿಂದ ಅರಕಲಗೂಡು ರಸ್ತೆಯುದ್ದಕ್ಕೂ ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೂ ಸಾಲು ಒಂದು ಕಿಲೋಮೀಟರ್ ದಾಟುತ್ತದೆ.